ಕ್ಯೂಬಿಸಂ: ಹೆಸರೂ ಲಕ್ಷಣವೂ

ಇಪ್ಪತ್ತನೆಯ ಶತಮಾನದ ಮೊದಲ ಎರಡು ದಶಕಗಳಲ್ಲಿ ಯೂರೋಪಿನ ಚಿತ್ರಕಲೆಯಲ್ಲಿ ತಲೆದೋರಿದ ಪಂಥಗಳು ಹಲವು. ಫಾವಿಸಂ, ಎಕ್ಸ್‌ಪ್ರೆಷನಿಸಂ, ಕ್ಯೂಬಿಸಂ, ಫ್ಯೂಚರಿಸಂ, ಸುಪ್ರಿಮ್ಯಾಟಿಸಂ, ದಾದಾ ಎಂದು ಕೈಪಿಡಿಗಳಲ್ಲಿ ಇವುಗಳ ಪಟ್ಟಿಯನ್ನು ಕೊಟ್ಟು, ಒಂದೊಂದಕ್ಕೂ ಒಂದೊಂದು ಪಂಕ್ತಿಯ ವಿವರಣೆಯನ್ನು ಸೇರಿಸುವುದು ವಾಡಿಕೆಯಾಗಿದೆ. ಸಾಹಿತ್ಯಾಧ್ಯಾಪಕರು ಹೊಸ ಕಾವ್ಯವನ್ನು ಕುರಿತು ಪಾಠ ಹೇಳುವಾಗ ಈ ಪದಗಳನ್ನು ಎರವಲಾಗಿ ತರುವುದೂ ಉಂಟು. ಹೀಗೆ ಬಳಕೆಯಲ್ಲಿರುವ ವಿವರಣೆಗಳಲ್ಲಿ ಅತ್ಯಂತ ಪ್ರಚಾರಕ್ಕೆ ಬಂದಿರುವುದೂ ಅತ್ಯಂತ ದೋಷಯುಕ್ತವಾಗಿರುವುದೂ ಕ್ಯೂಬಿಸಮ್ಮಿನದೇ: ವಸ್ತುಗಳನ್ನು ಘನ, ಶಂಕು, ಸ್ತಂಭ ಮುಂತಾದ ಜ್ಯಾಮಿತಿಯ ಆಕೃತಿಗಳಾಗಿ ಬರೆಯುವುದೇ ಕ್ಯೂಬಿಸಂ ಎಂಬುದು. ಲಕ್ಷಣಕ್ಕೆ ನಮ್ಮ ತಾರ್ಕಿಕರು ಹೇಳಿರುವ ದೋಷಗಳು ಮೂರು: ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವ. ಇವುಗಳಲ್ಲಿ ಮೊದಲೆರಡು ಮೇಲಿನ ವಿವರಣೆಯಲ್ಲಿ ಎದ್ದು ಕಾಣುತ್ತವೆ. ಹದಿನಾರನೆಯ ಶತಮಾನದಲ್ಲಿಯೇ ಜಿನೋವಾ ಪಟ್ಟಣದ ಲೂಕಾ ಕಾಂಬಿಯಾಸೊ ಎಂಬಾತನು ಮನುಷ್ಯಶರೀರಗಳನ್ನು ಪೆಟ್ಟಿಗೆಗಳನ್ನು ಜೋಡಿಸಿದಂತೆ ರೇಖಿಸಿದ್ದನು. ಅವನನ್ನು ಈ ಪಂಥದಲ್ಲಿ ಸೇರಿಸಲಾಗದು. ಇತ್ತ ೧೯೧೧ರಲ್ಲಿ ಪಿಕಾಸೋ ಮತ್ತು ಬ್ರಾಕ್ ಬರೆದ ಚಿತ್ರಗಳಲ್ಲಿ, ಎಷ್ಟು ಹುಡುಕಿದರೂ ಒಂದು ಘನವೂ ದೊರೆಯುವುದಿಲ್ಲ. ಆದರೆ ಪಂಥದ ಪರಮಾವಧಿಯೆಂದು ಎಲ್ಲರೂ ಒಪ್ಪುವುದು ಅವುಗಳನ್ನೇ!

ದೋಷದ ಮೂಲವಿರುವುದು ಹೆಸರಿನಲ್ಲಿ. ಅದನ್ನಿಟ್ಟವರು ಚಿತ್ರಕಾರರನ್ನು ಹಳಿದವರು. ಲೂಯಿ ವೋಸೆಲ್ ಎಂಬ ವಿಮರ್ಶಕನು ೧೯೦೫ರಲ್ಲಿ ಪ್ಯಾರಿಸ್ಸಿನ ಶರತ್ಕಾಲದ ಪ್ರದರ್ಶನದಲ್ಲಿ ಮಾತೀಸ್, ಡೆರೇನ್, ವ್ಲಾಮಿಂಕ್ ಮುಂತಾದವರ ಉಗ್ರವರ್ಣಗಳ ನಡುವೆ ಹಳೆಯ ಇಟಲಿಯ ರೀತಿಯ ಒಂದು ಶಿಲ್ಪವನ್ನು ಕಂಡು, ದೊನಾತೆಲ್ಲೊ ಕಾಡುಮೃಗಗಳ ನಡುವೆ ಸಿಕ್ಕಿದ್ದಾನೆಂದು ಪರಿಹಾಸ ಮಾಡಿದನು. 'ಫಾವ್' ಎಂಬ ಹೆಸರು ಅಲ್ಲಿಂದ ಬಂದಿತು. ಮೂರು ವರ್ಷಗಳ ತರುವಾಯ, ೧೯೦೮ರ ನವೆಂಬರಿನಲ್ಲಿ, ಕಾನ್‌ವೈಲರ್ ಎಂಬ ಜರ್ಮನ್ ವರ್ತಕನ ಪ್ಯಾರಿಸ್ಸಿನ ಚಿತ್ರಶಾಲೆಯಲ್ಲಿ ಜಾರ್ಜ್ ಬ್ರಾಕನ ಕೃತಿಗಳನ್ನು ನೋಡಿ, ಈತನು ಮನೆ, ಮನುಷ್ಯ, ಪ್ರದೇಶ ಎಲ್ಲವನ್ನೂ ಘನಗಳಿಗೆ ಇಳಿಸಿಬಿಟ್ಟಿದ್ದಾನೆಂದು ಅದೇ ವಿಮರ್ಶಕನು ಬರೆದನು. ೧೮೭೪ರಲ್ಲಿ ಇಂಪ್ರೆಷನಿಸಂ ಎಂಬ ಹೆಸರೂ ಪತ್ರಿಕಾಲೇಖಕನೊಬ್ಬನ ಗೇಲಿಯಿಂದಲೇ ಪ್ರಚಾರಕ್ಕೆ ಬಂದಿತೆಂಬುದನ್ನು ವಾಚಕರು ನೆನೆಯಬಹುದು. ಇದಕ್ಕೆ ವಿಪರೀತವಾದುದು ಫ್ಯೂಚರಿಸಂ. ಮಾರಿನೆಟ್ಟಿಯು ೧೯೦೯ರ ಫೆಬ್ರವರಿ ೨೦ರಂದು ಫಿಗಾರೋ ಪತ್ರಿಕೆಯಲ್ಲಿ ಅದರ ಘೋಷಣೆಯನ್ನು ಹೊರಡಿಸಿದನು. ಆ ಪಂಥದ ಚಿತ್ರಕಾರರ ಘೋಷಣೆ ಬಂದುದು ಮರುವರ್ಷ. ಅಲ್ಲಿ ಹೆಸರು ಮೊದಲು, ಚಿತ್ರ ಆಮೇಲೆ. ಕ್ಯೂಬಿಸಮ್ಮನ್ನು ಕನ್ನಡದಲ್ಲಿ 'ಘನವಾದ'ವೆಂದು ಭಾಷಾಂತರಿಸಿದರೆ ಇನ್ನೊಂದು ವಿಚಿತ್ರವೂ ಸೇರುತ್ತದೆ. ಘನಶಬ್ದಕ್ಕೆ ನಮ್ಮಲ್ಲಿ ಹಿರಿಮೆಯೆಂಬ ಅರ್ಥವೂ ಇರುವುದರಿಂದ, ನಿಂದೆಯಾಗಿ ಹುಟ್ಟಿದುದು ಬಿರುದಾಗಿ ಪರಿಣಮಿಸುತ್ತದೆ. ಆದುದರಿಂದ ಈ ಲೇಖನದಲ್ಲಿ ಮೂಲದ ಹೆಸರನ್ನೇ ಉಳಿಸಿಕೊಂಡಿದೆ.

ಇನ್ನು ಚಿತ್ರಗಳಿಗೆ ಬರೋಣ. ವೋಸೆಲನು ಹಳಿದ ಆ ಚಿತ್ರಗಳನ್ನು ಬ್ರಾಕನು ೧೯೦೮ರ ಬೇಸಗೆಯಲ್ಲಿ ಮಾರ್ಸೇಲ್ಸ್ ನಗರಕ್ಕೆ ಸಮೀಪದ ಲೆಸ್ತಾಕ್ ಎಂಬಲ್ಲಿ ಬರೆದಿದ್ದನು. ಅವುಗಳಲ್ಲಿ ಪ್ರಸಿದ್ಧವಾದ ಮನೆಗಳ ಚಿತ್ರದಲ್ಲಿ ಪೆಟ್ಟಿಗೆಯಾಕಾರಗಳಿರುವುದು ನಿಜ. ಆದರೆ ನೋಡತಕ್ಕ ಅಂಶ ಬೇರೆ. ಆ ಮನೆಗಳಿಗೆ ಬಾಗಿಲು ಕಿಟಕಿಗಳಿಲ್ಲ; ಮೇಲೆ ಆಕಾಶವಿಲ್ಲ, ದಿಗಂತವಿಲ್ಲ; ಬೆಳಕು ಒಂದು ಗೋಡೆಗೆ ಒಂದು ಕಡೆಯಿಂದ ಬಿದ್ದರೆ ನೆರೆಯ ಗೋಡೆಗೆ ಇನ್ನೊಂದು ಕಡೆಯಿಂದ ಬಿದ್ದಿದೆ; ದೂರದ ಮನೆಯು ಹಿಂದಕ್ಕೆ ಸರಿಯದೆ ಹತ್ತಿರದ ಮನೆಯ ಮೇಲೆ ಏರಿ ಕುಳಿತಿದೆ. ಇಲ್ಲಿ ಮುರಿದಿರುವುದು ಪರ್ಸ್ಪೆಕ್ಟಿವ್ ಎಂಬ ದೃಷ್ಟಿಕ್ರಮ. ಬ್ರೂನೆಲ್ಲೆಸ್ಕಿಯು ಪ್ರಯೋಗದಿಂದ ತೋರಿಸಿ, ಆಲ್ಬರ್ಟಿಯು ೧೪೩೫ರಲ್ಲಿ ಗ್ರಂಥಸ್ಥಗೊಳಿಸಿದ ಆ ಕ್ರಮದ ಮೂಲಕಲ್ಪನೆ ಹೀಗೆ: ನೋಡುವವನು ಒಂದೇ ಕಣ್ಣುಳ್ಳವನು, ಮತ್ತು ಅಲುಗಾಡದೆ ಒಂದೇ ಸ್ಥಳದಲ್ಲಿ ನಿಂತವನು. ಯೂರೋಪಿನ ಚಿತ್ರಕಾರನು ನಾಲ್ಕೂವರೆ ಶತಮಾನಗಳ ಕಾಲ ಈ ಒಕ್ಕಣ್ಣನ ಸೇವೆಯನ್ನು ನಡೆಸಿದನು. ಅದನ್ನು ಮೊದಲು ಸಡಿಲಿಸಿದವನು ಸೆಜಾನ್. ಅವನ ಹಣ್ಣುಹಂಪಲಿನ ಚಿತ್ರಗಳಲ್ಲಿ ಮೇಜಿನ ಅಂಚು ಬಟ್ಟೆಯ ಎಡಗಡೆ ಒಂದು ಮಟ್ಟದಲ್ಲಿದ್ದರೆ ಬಲಗಡೆ ಇನ್ನೊಂದು ಮಟ್ಟದಲ್ಲಿರುತ್ತದೆ. ೧೯೦೬ರಲ್ಲಿ ಅವನು ತೀರಿಕೊಂಡ ಮರುವರ್ಷ ಪ್ಯಾರಿಸ್ಸಿನಲ್ಲಿ ನಡೆದ ಅವನ ಸ್ಮಾರಕ ಪ್ರದರ್ಶನವು ತರುಣರ ಕಣ್ಣು ತೆರೆಸಿತು. ನಿಸರ್ಗವನ್ನು ಸ್ತಂಭ, ಗೋಳ, ಶಂಕುಗಳ ಮೂಲಕ ಕಾಣಬೇಕೆಂದು ಅವನು ೧೯೦೪ರಲ್ಲಿ ಕಿರಿಯ ಚಿತ್ರಕಾರನೊಬ್ಬನಿಗೆ ಬರೆದ ಪತ್ರವನ್ನೇ ಜ್ಯಾಮಿತಿವಾದಿಗಳು ಪ್ರಮಾಣವಾಗಿ ಹಿಡಿದಿದ್ದಾರೆ. ಆ ಪಟ್ಟಿಯಲ್ಲಿ ಘನದ ಹೆಸರೇ ಇಲ್ಲ.

೧೯೦೭ರಲ್ಲಿ ಪಿಕಾಸೋ ಬರೆದ, ಸುಮಾರು ಎಂಟು ಅಡಿ ಎತ್ತರದ 'ಅವಿನ್ಯೋನಿನ ತರುಣಿಯರು' ಎಂಬ ಚಿತ್ರದಿಂದ ಈ ಪಂಥವು ಪ್ರಾರಂಭವಾಯಿತೆಂದು ಹೇಳುವುದುಂಟು. ಐವರು ನಗ್ನಸ್ತ್ರೀಯರಲ್ಲಿ ಒಬ್ಬಳು ನಮಗೆ ಬೆನ್ನುಮಾಡಿ ಕುಳಿತಿದ್ದರೂ ಅವಳ ಮುಖ ನಮ್ಮ ಕಡೆಗಿದೆ. ಆಫ್ರಿಕದ ಮುಖವಾಡಗಳ ಮತ್ತು ಪ್ರಾಚೀನ ಐಬೀರಿಯಾದ ಶಿಲ್ಪದ ಪ್ರಭಾವ ಅದರಲ್ಲಿ ಸ್ಪಷ್ಟ. ಆದರೂ ಅದು ೧೯೧೬ರವರೆಗೆ ಸಾರ್ವಜನಿಕ ಪ್ರದರ್ಶನಕ್ಕೆ ಬರಲಿಲ್ಲವಾದುದರಿಂದ, ಅದನ್ನು ಬೀಜವೆನ್ನಬಹುದಲ್ಲದೆ ಪಂಥದ ಮಾದರಿಯೆನ್ನುವುದು ಉಚಿತವಲ್ಲ.

ಮಾದರಿಗಳು ದೊರೆಯುವುದು ೧೯೧೦ ಮತ್ತು ೧೯೧೧ರಲ್ಲಿ. ಪಿಕಾಸೋ ಬರೆದ ಕಾನ್‌ವೈಲರನ ಭಾವಚಿತ್ರವನ್ನು ತೆಗೆದುಕೊಳ್ಳಿ. ಅದು ಶಿಕಾಗೋ ನಗರದಲ್ಲಿದೆ. ಪೆಟ್ಟಿಗೆಗಳು ಒಡೆದು ತೆರೆದುಕೊಂಡು, ಬೂದು ಮತ್ತು ಕಂದು ಬಣ್ಣದ ಸಣ್ಣ ಸಣ್ಣ ಮಗ್ಗುಲುಗಳು ಒಂದರೊಳಗೊಂದು ಹರಿದಿವೆ. ಶರೀರವೆಲ್ಲಿ ಮುಗಿಯಿತು, ಹಿಂದಿನ ಕೋಣೆಯೆಲ್ಲಿ ತೊಡಗಿತು ಎಂದು ಹೇಳಲಾಗದು. ಆದರೆ ಕೆಳಗಡೆ ಒಂದರಮೇಲೊಂದಿಟ್ಟ ಕೈಗಳು, ನಡುವೆ ಗಡಿಯಾರದ ಸರಪಣಿ, ಮೇಲೆ ಕೂದಲಿನ ಒಂದು ಅಲೆ, ಇಷ್ಟು ಗುರುತುಗಳು ಉಳಿದಿವೆ. ನೋಡುವವನು ಈ ಗುರುತುಗಳನ್ನು ಹಿಡಿದು ಮನುಷ್ಯನನ್ನು ತಾನೇ ಕಟ್ಟಿಕೊಳ್ಳಬೇಕು. ಬ್ರಾಕನ 'ಪೋರ್ಚುಗೀಸನು' ಎಂಬ ೧೯೧೧ರ ಚಿತ್ರದಲ್ಲಿ ಇನ್ನೊಂದು ಹೆಜ್ಜೆ ಇದೆ: ಅಂಗಡಿಯ ಫಲಕಗಳ ಮೇಲಿರುವಂತಹ ಅಕ್ಷರಗಳನ್ನೂ ಅಂಕಿಗಳನ್ನೂ ಅಚ್ಚುತಗಡಿನಿಂದ ಮೂಡಿಸಿದ್ದಾನೆ. ಅಕ್ಷರಕ್ಕೆ ಹಿಂದುಮುಂದುಗಳಿಲ್ಲ, ಅದು ಚಪ್ಪಟೆ. ಅದು ಬಂದು ಕುಳಿತ ಕೂಡಲೆ, ಈ ಬಟ್ಟೆ ಕಿಟಕಿಯಲ್ಲ, ಬಣ್ಣ ಬಳಿದ ಒಂದು ಹಲಗೆಯಂತಹುದು ಎಂಬ ಅರಿವು ನಮಗಾಗುತ್ತದೆ.

೧೯೧೨ರ ಮೇ ತಿಂಗಳಲ್ಲಿ ಪಿಕಾಸೋ ಒಂದು ಸಣ್ಣ ಅಂಡಾಕಾರದ ಚಿತ್ರದಲ್ಲಿ, ಬೆತ್ತದ ಹೆಣಿಗೆಯ ನಮೂನೆಯನ್ನು ಅಚ್ಚುಹಾಕಿದ ಮೇಣಬಟ್ಟೆಯ ತುಂಡನ್ನೇ ಅಂಟಿಸಿ, ಚೌಕಟ್ಟಿನ ಬದಲು ಹಗ್ಗವನ್ನು ಸುತ್ತಿದನು. ಬೆತ್ತದ ಕುರ್ಚಿಯಂತೆ ಕಾಣುವ ಭಾಗವು ಯಂತ್ರದ ಅಚ್ಚು. ಕೈಯಿಂದ ಬರೆದ ಭಾಗವು ಯಾವುದಕ್ಕೂ ಹೋಲದು. ನಿಜ ಯಾವುದು, ಅನುಕರಣ ಯಾವುದು? ಅದರ ಮೇಲೆ 'ಜೂ' ಎಂಬ ಉಚ್ಚಾರದ ಮೂರು ಫ್ರೆಂಚ್ ಅಕ್ಷರಗಳಿವೆ. ಅವು ವೃತ್ತಪತ್ರಿಕೆಯೆಂಬರ್ಥದ 'ಜೂರ್ನಾಲ್' ಪದದ ಆದಿಯೂ ಹೌದು, ಆಡು ಎಂಬರ್ಥದ 'ಜೂಯೆ' ಪದದ ಆದಿಯೂ ಹೌದು. ನಮ್ಮ ಆಲಂಕಾರಿಕರು ಇದನ್ನು ಶ್ಲೇಷೆಯೆಂದು ಗುರುತಿಸಲು ತಡಮಾಡುತ್ತಿರಲಿಲ್ಲ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬ್ರಾಕನು ಮರದ ಪದರಿನಂತೆ ಮುದ್ರಿಸಿದ ಗೋಡೆಕಾಗದವನ್ನು ಅಂಟಿಸಿದನು. ಅವನು ಮನೆಗಳಿಗೆ ಬಣ್ಣ ಬಳಿಯುವ ಕುಶಲಕರ್ಮಿಗಳ ಮನೆತನದವನು. ಮರವಲ್ಲದುದನ್ನು ಮರವೆಂದು ತೋರಿಸುವ ಕೆಲಸ ಅವನಿಗೆ ಬಾಲ್ಯದಿಂದ ಬಂದುದು.

ಇದರಿಂದ ಫಲಿಸುವ ಲಕ್ಷಣವನ್ನು ಹೀಗೆ ಹೇಳಬಹುದು: ಏಕದೃಷ್ಟಿಯನ್ನು ತ್ಯಜಿಸಿ, ವಸ್ತುವನ್ನು ಗುರುತುಗಳಾಗಿ ಬಿಡಿಸಿ, ಆ ಗುರುತುಗಳನ್ನು ಚಿತ್ರಫಲಕದ ಚಪ್ಪಟೆತನಕ್ಕೆ ಅಧೀನವಾಗಿ ಪುನಃ ಕಟ್ಟುವುದು ಕ್ಯೂಬಿಸಂ. ಎರಡನೆಯ ಅಂಶವಿಲ್ಲದೆ ಮೊದಲನೆಯದನ್ನು ಮಾತ್ರ ಹೇಳಿದರೆ ಅತಿವ್ಯಾಪ್ತಿ ಉಂಟಾಗುತ್ತದೆ. ನಮ್ಮ ಹಳೆಯ ಚಿತ್ರಗಳಲ್ಲಿ ಕೊಳವನ್ನು ಮೇಲಿನಿಂದಲೂ ಅದರ ತಾವರೆಯನ್ನು ಪಕ್ಕದಿಂದಲೂ ನೋಡಿ ಬರೆದಿರುವುದನ್ನು ಯಾರು ಕಂಡಿಲ್ಲ? ವಿಷ್ಣುಧರ್ಮೋತ್ತರದ ಚಿತ್ರಸೂತ್ರವು ಆಕೃತಿಗೆ ಒಂಬತ್ತು ಸ್ಥಾನಗಳನ್ನೂ ಕ್ಷಯವೃದ್ಧಿಗಳನ್ನೂ ವಿಧಿಸುತ್ತದೆ. ಇದನ್ನೆಲ್ಲ ಮುಂದಿಟ್ಟು ಕ್ಯೂಬಿಸಂ ನಮ್ಮಲ್ಲಿ ಹಿಂದೆಯೇ ಇತ್ತೆಂದು ಹೆಮ್ಮೆಪಡುವವರಿದ್ದಾರೆ. ಈ ಹೆಮ್ಮೆ ನಿರಾಧಾರವಾದುದು. ನಮ್ಮ ಚಿತ್ರಗಾರನು ಒಂದೊಂದು ವಸ್ತುವನ್ನೂ ಅದು ಸುಲಭವಾಗಿ ಗೊತ್ತಾಗುವ ಕಡೆಯಿಂದ ತೋರಿಸಿದನು. ಪಿಕಾಸೋ ಮತ್ತು ಬ್ರಾಕ್ ಗೊತ್ತಾಗುವಿಕೆಯನ್ನೇ ಪ್ರಶ್ನೆಗೆ ಗುರಿಮಾಡಿದರು.

ಇವರಿಬ್ಬರೂ ಪ್ಯಾರಿಸ್ಸಿನ ದೊಡ್ಡ ಪ್ರದರ್ಶನಗಳಿಂದ ದೂರವಿದ್ದರು. ೧೯೧೧ರಲ್ಲಿ ಕ್ಯೂಬಿಸ್ಟರೆಂದು ಗದ್ದಲವೆಬ್ಬಿಸಿದವರು ಗ್ಲೇಜ್, ಮೆತ್ಸಾಂಜೆ, ಲೆಜೇ ಮುಂತಾದ ಬೇರೆಯವರು. ಪಂಥದ ಮೊದಲ ಗ್ರಂಥವನ್ನು ೧೯೧೨ರಲ್ಲಿ ಬರೆದವರೂ ಅವರಲ್ಲಿ ಮೊದಲಿನಿಬ್ಬರೇ. ಫ್ಯೂಚರಿಸ್ಟರು ಒಡೆದ ಮಗ್ಗುಲುಗಳನ್ನು ತೆಗೆದುಕೊಂಡು ವೇಗಕ್ಕೆ ಬಳಸಿದರು. ಮಾಲೆವಿಚನು ೧೯೧೫ರಲ್ಲಿ ಪೆಟ್ರೋಗ್ರಾಡಿನಲ್ಲಿ ಪ್ರದರ್ಶಿಸಿದ ಕಪ್ಪು ಚೌಕದಲ್ಲಿ ಗುರುತುಗಳೂ ಹೋಗಿ ಫಲಕವೊಂದೇ ಉಳಿಯಿತು. ಸಾಹಿತ್ಯದಲ್ಲಿ ಈ ಹೆಸರನ್ನು ಬಳಸುವಾಗ ಇನ್ನೂ ಎಚ್ಚರಿಕೆ ಬೇಕು. ಚಿತ್ರಕಾರರ ಗೆಳೆಯನಾದ ಅಪೊಲಿನೇರನು ೧೯೧೩ರ ತನ್ನ ಕವಿತಾಸಂಗ್ರಹದಿಂದ ವಿರಾಮಚಿಹ್ನೆಗಳನ್ನೆಲ್ಲ ತೆಗೆದುಹಾಕಿದನು; ಆದುದರಿಂದ ಓದುಗನೇ ವಾಕ್ಯವನ್ನು ಕಟ್ಟಿಕೊಳ್ಳಬೇಕಾಯಿತು. ಇಲ್ಲಿ ಸಾದೃಶ್ಯಕ್ಕೆ ಅವಕಾಶವುಂಟು. ಆದರೆ ಸಾಲುಗಳು ತುಂಡಾಗಿವೆಯೆಂಬ ಮಾತ್ರಕ್ಕೆ ಒಂದು ಕವಿತೆಯನ್ನು ಕ್ಯೂಬಿಸ್ಟ್ ಎನ್ನುವುದು ಮತ್ತೆ ಹೆಸರಿಗೆ ಮರುಳಾದಂತೆಯೇ.

ಲಕ್ಷಣದ ಈ ಚರ್ಚೆಯು ಭಾರತಕ್ಕೂ ಸಂಬಂಧಿಸಿದುದು. ೧೯೨೨ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ಪ್ರಾಚ್ಯಕಲಾ ಸಂಘದ ಪ್ರದರ್ಶನವು ನಡೆದಾಗ, ಜರ್ಮನಿಯ ಬೌಹೌಸ್ ಶಾಲೆಯ ಕಾಂಡಿನ್‌ಸ್ಕಿ, ಕ್ಲೇ ಮುಂತಾದವರ ಕೃತಿಗಳೊಡನೆ ಗಗನೇಂದ್ರನಾಥ ಠಾಕೂರರ ಹೊಸ ಚಿತ್ರಗಳೂ ಇದ್ದವು. ಅದೇ ವರ್ಷ ಸ್ಟೆಲ್ಲಾ ಕ್ರಾಮ್‌ರಿಶ್ ಅವರು 'ರೂಪಂ' ಪತ್ರಿಕೆಯಲ್ಲಿ ಅವರನ್ನು ಭಾರತೀಯ ಕ್ಯೂಬಿಸ್ಟರೆಂದು ಕರೆದು ಲೇಖನ ಬರೆದರು. ಮುಂದೆ ಚಿತ್ರಸೂತ್ರವನ್ನು ಇಂಗ್ಲಿಷಿಗೆ ಭಾಷಾಂತರಿಸಿದವರೂ ಅವರೇ. ೧೯೫೯ರಲ್ಲಿ ಡಬ್ಲ್ಯೂ. ಜಿ. ಆರ್ಚರ್ ಎಂಬ ಇಂಗ್ಲಿಷ್ ವಿದ್ವಾಂಸರು ಇದಕ್ಕೆ ವಿರುದ್ಧವಾಗಿ, ಗಗನೇಂದ್ರನಾಥರದು ನಿಜವಾದ ಕ್ಯೂಬಿಸಮ್ಮಲ್ಲ, ದುರ್ಬಲವಾದ ಅನುಕರಣವೆಂದು ತೀರ್ಪಿತ್ತರು. ನಮ್ಮ ಲಕ್ಷಣದಿಂದ ನೋಡಿದರೆ ಆರ್ಚರರ ಮಾತಿನ ಪೂರ್ವಾರ್ಧವು ಸರಿ, ಉತ್ತರಾರ್ಧವು ತಪ್ಪು. ಗಗನೇಂದ್ರನಾಥರ ಜಲವರ್ಣಗಳಲ್ಲಿ ಮೆಟ್ಟಿಲು, ಬಾಗಿಲು, ಕಂಬಗಳು ಹರಳಿನ ಮುಖಗಳಂತೆ ಒಡೆದಿದ್ದರೂ, ಅವುಗಳ ಸಂದುಗಳಿಂದ ಬೆಳಕು ಹೊರಹೊಮ್ಮುತ್ತದೆ, ಕತ್ತಲೆಗೆ ಆಳವುಂಟು, ಒಳಗಡೆ ಏನೋ ನಡೆಯುತ್ತಿದೆಯೆಂಬ ಕಥೆಯ ಸುಳಿವುಂಟು. ಬ್ರಾಕ್ ಮತ್ತು ಪಿಕಾಸೋ ಹೊರಗೆಸೆದ ಆಳ, ಬೆಳಕು, ಕಥೆ ಈ ಮೂರನ್ನೂ ಅವರು ಬಯಸಿ ಉಳಿಸಿಕೊಂಡರು. ಫ್ರಾನ್ಸಿನ ಆ ಇಬ್ಬರು ಕೇಳಿದ ಪ್ರಶ್ನೆಯನ್ನು ಅವರು ಕೇಳಲೇ ಇಲ್ಲ. ಆದುದರಿಂದ ಅದಕ್ಕೆ ಕೊಟ್ಟ ದುರ್ಬಲವಾದ ಉತ್ತರವೆಂದು ಅವರ ಚಿತ್ರಗಳನ್ನು ಎಣಿಸುವುದಕ್ಕೆ ಆಧಾರವಿಲ್ಲ.