ಎದೆ ಬೆಚ್ಚಗಾದರೆ ಬೆರಳೂ ಬೆಚ್ಚಗೆ

ಜರ್ಮನಿಯ ಬವೇರಿಯಾದ ಕಾಡಿನಲ್ಲಿ ಸೊಲ್ಲಾ ಎಂಬ ಪುಟ್ಟ ಊರಿದೆ. ಪ್ರತಿ ವರ್ಷ ಜನವರಿ ಕೊನೆಗೋ ಫೆಬ್ರವರಿ ಮೊದಲಿಗೋ ಸಾವಿರಾರು ಮಂದಿ ಅಲ್ಲಿಗೆ ಬೈಕ್ ಓಡಿಸಿಕೊಂಡು ಬಂದು, ಹಿಮದ ಮೇಲೆಯೇ ಡೇರೆ ಹಾಕಿ ಮಲಗುತ್ತಾರೆ. ಎಲೆಫಾಂಟೆನ್‌ಟ್ರೆಫೆನ್ ಎಂಬ ಈ ಕೂಟವನ್ನು ಎರ್ನ್‌ಸ್ಟ್ ಲೆವರ್‌ಕುಸ್ ಎಂಬ ಪತ್ರಕರ್ತ 1956ರಲ್ಲಿ ಸ್ಟುಟ್‌ಗಾರ್ಟ್ ಬಳಿ ಶುರುಮಾಡಿದ. ಹೆಸರು ಬಂದದ್ದು ಆಗಿನ ಸವಾರರು ‘ಹಸಿರು ಆನೆ’ ಎಂದು ಕರೆಯುತ್ತಿದ್ದ ತ್ಸುಂಡಾಪ್ ಕೆಎಸ್ 601 ಬೈಕಿನಿಂದ. ಅಂದಿನವರು ಚಳಿ ತಡೆಯಲು ಕೋಟಿನೊಳಗೆ ಹಳೆಯ ಪೇಪರ್ ತುರುಕಿಕೊಳ್ಳುತ್ತಿದ್ದರು. ಇಂದು ಜಾಕೆಟ್ಟಿನ ಅಂಚಿನಿಂದ ಒಂದು ವೈರು ಇಳಿದು ಬೈಕಿನ ಬ್ಯಾಟರಿಗೆ ಸೇರುತ್ತದೆ.

ಬೈಕಿನ ಮೇಲಿನ ಚಳಿಗೆ ಮುಖ್ಯ ಕಾರಣ ಗಾಳಿ. ದೇಹದ ಸುತ್ತ ತಾನೇ ಬಿಸಿಮಾಡಿಕೊಂಡ ಗಾಳಿಯ ತೆಳು ಪದರವೊಂದು ಸದಾ ಇರುತ್ತದೆ. ವೇಗ ಹೆಚ್ಚಿದಷ್ಟೂ ಅದು ಕಿತ್ತುಹೋಗುತ್ತದೆ. ಇದನ್ನು ಮೊದಲು ಅಳೆದವರಲ್ಲಿ ಪಾಲ್ ಸೈಪಲ್ ಮತ್ತು ಚಾರ್ಲ್ಸ್ ಪ್ಯಾಸೆಲ್ ಪ್ರಮುಖರು. 1940ರ ದಶಕದ ಆರಂಭದಲ್ಲಿ ಅಂಟಾರ್ಕ್ಟಿಕಾದಲ್ಲಿ ಅವರು ಒಂದು ಪ್ಲಾಸ್ಟಿಕ್ ಡಬ್ಬಿಗೆ ನೀರು ತುಂಬಿ ಗಾಳಿಗೆ ತೂಗುಹಾಕಿ, ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕೆಂದು ನೋಡುತ್ತ ಕುಳಿತರು. ಅಮೆರಿಕ, ಕೆನಡಾಗಳಲ್ಲಿ ಈಗ ಬಳಕೆಯಲ್ಲಿರುವ ಸೂತ್ರದಲ್ಲಿ ಲೆಕ್ಕ ಹಾಕಿದರೆ, ಸೊನ್ನೆ ಡಿಗ್ರಿಯ ಹವೆಯಲ್ಲಿ ಗಂಟೆಗೆ 80 ಕಿ.ಮೀ. ವೇಗದ ಗಾಳಿ ತೆರೆದ ಚರ್ಮಕ್ಕೆ ಮೈನಸ್ 10 ಡಿಗ್ರಿಯಂತೆ ತಾಗುತ್ತದೆ. ನಡೆಯುವವನ ಮೈ ದುಡಿದು ಬಿಸಿಯಾಗುತ್ತದೆ. ಬೈಕಿನವನದು ಕೂತಲ್ಲೇ ಕೂರುವ ಕೆಲಸ.

ಮೊದಲು ಸೋಲುವುದು ಬೆರಳು. ಬೆರಳ ತುದಿ, ಅಂಗೈ, ಮೂಗು, ಕಿವಿಗಳಲ್ಲಿ ಧಮನಿಯಿಂದ ಅಭಿಧಮನಿಗೆ ನೇರವಾಗಿ ರಕ್ತ ಹಾಯಿಸುವ ಸಣ್ಣ ಅಡ್ಡದಾರಿಗಳಿವೆ. ಮೈ ಬಿಸಿಯಾಗಿದ್ದಾಗ ಇವು ತೆರೆದುಕೊಂಡು ಬೆಚ್ಚನೆಯ ರಕ್ತವನ್ನು ಧಾರಾಳವಾಗಿ ಹರಿಸುತ್ತವೆ. ಮೈಯ ಬಿಸಿ ಕಡಿಮೆಯಾಗುತ್ತಿದೆ ಎಂದು ಮಿದುಳಿಗೆ ತಿಳಿದ ಕೂಡಲೇ ಮುಚ್ಚಿಕೊಳ್ಳುತ್ತವೆ. ಹೃದಯ, ಮಿದುಳು, ಯಕೃತ್ತುಗಳನ್ನು 37 ಡಿಗ್ರಿಯ ಆಸುಪಾಸಿನಲ್ಲಿ ಕಾಯಬೇಕು. ಅದಕ್ಕಾಗಿ ಕೈಕಾಲಿನ ಪಾಲನ್ನು ಕಡಿತ ಮಾಡಲಾಗುತ್ತದೆ. ಜಲಾಶಯದಲ್ಲಿ ನೀರು ಕಡಿಮೆಯಾದರೆ ಮೊದಲು ಒಣಗುವುದು ಕಾಲುವೆಯ ಕೊನೆ ಭಾಗದ ರೈತರ ಗದ್ದೆ ತಾನೆ? ಆ ಗದ್ದೆಗೆ ಟ್ಯಾಂಕರಿನಲ್ಲಿ ನೀರು ತಂದು ಹೊಯ್ದರೆ ಆ ಹೊತ್ತಿಗೆ ಪರವಾಗಿಲ್ಲ, ಆದರೆ ಜಲಾಶಯ ತುಂಬದೆ ಕಾಲುವೆಯ ತುದಿಗೆ ನೀರು ಬರುವುದಿಲ್ಲ.

ಕೈಗೆ ಚಳಿಯಾದರೆ ಕೈಗೇ ಹೀಟರ್ ಎಂದುಕೊಳ್ಳುವುದು ಸಹಜ. ಆದರೆ ಕೆನಡಾದ ರಕ್ಷಣಾ ಸಂಶೋಧಕರು ಮೈನಸ್ 25 ಡಿಗ್ರಿಯ ಕೋಣೆಯಲ್ಲಿ ಜನರನ್ನು ಕೂರಿಸಿ, ಎದೆ ಬೆನ್ನುಗಳನ್ನಷ್ಟೇ ವಿದ್ಯುತ್ತಿನಿಂದ ಬಿಸಿಮಾಡಿ ನೋಡಿದರು. ಕೈಗವಸೇ ಇಲ್ಲದ ಬರಿಗೈಯ ಬೆರಳುಗಳು ಬೆಚ್ಚಗೆ, ಚುರುಕಾಗಿ ಉಳಿದವು. ಅವರ ಕೋಣೆಯಲ್ಲಿ ಹೆದ್ದಾರಿಯ ಗಾಳಿ ಇರಲಿಲ್ಲ, ನಿಜ. ಬೈಕಿನಲ್ಲಿ ಕೈಗವಸು, ಹ್ಯಾಂಡಲ್ ಮುಂದೊಂದು ಗಾಳಿತಡೆ ಬೇಕೇ ಬೇಕು. ಆದರೂ ಬಿಸಿಮಾಡುವ ಸಾಧನಗಳಲ್ಲಿ ಒಂದನ್ನೇ ಕೊಳ್ಳಲು ದುಡ್ಡಿದ್ದರೆ ನನ್ನ ಓಟು ಎದೆಯ ವೆಸ್ಟಿಗೆ. ಬಿಸಿ ಗ್ರಿಪ್ ಅಂಗೈಯನ್ನು ಕಾಯಿಸುತ್ತದೆ. ಗಾಳಿ ಹೊಡೆಯುವುದು ಕೈಯ ಹೊರಮೈಗೆ. ಬೆಂಗಳೂರಿನಿಂದ ಲಡಾಖಿಗೆ ಹೊರಡುವ ನಮ್ಮ ಹುಡುಗರು ಒಂದರ ಮೇಲೊಂದು ಎರಡು ಜೊತೆ ಗ್ಲೌಸ್ ಬಿಗಿಯುವುದುಂಟು. ಬಿಗಿದಷ್ಟೂ ಬೆರಳಿಗೆ ಬರುವ ಅಷ್ಟಿಷ್ಟು ರಕ್ತಕ್ಕೂ ಅಡ್ಡಿ. ಬೆರಳಿನ ಚರ್ಮ ಸುಮಾರು 15 ಡಿಗ್ರಿಗಿಂತ ತಣ್ಣಗಾದರೆ ಕೈಚಳಕ ಕುಗ್ಗತೊಡಗುತ್ತದೆ. ಬ್ರೇಕ್ ಲಿವರನ್ನು ಎಷ್ಟು ಹಿಚುಕಿದ್ದೇವೆ ಎಂಬ ಅಂದಾಜೂ ತಪ್ಪುತ್ತದೆ.

ವೆಸ್ಟಿನ ರಚನೆ ಸರಳ. ಬಟ್ಟೆಯ ಪದರಗಳ ನಡುವೆ ಕೂದಲಿನಷ್ಟು ತೆಳುವಾದ ಉಕ್ಕಿನ ಎಳೆಗಳನ್ನೋ ಕಾರ್ಬನ್ ನಾರನ್ನೋ ಹಾಯಿಸಿರುತ್ತಾರೆ. ವಿದ್ಯುತ್ ಹರಿದಾಗ ಅದರ ರೋಧಕ್ಕೆ ಎಳೆ ಬಿಸಿಯಾಗುತ್ತದೆ. ಒಂದು ವೆಸ್ಟ್ ಸುಮಾರು 50 ವಾಟ್ ಎಳೆಯುತ್ತದೆ. ಕಡಿಮೆ ಎನಿಸಬಹುದು. ಆದರೆ ಸುಮ್ಮನೆ ಕೂತ ಮನುಷ್ಯನ ಇಡೀ ದೇಹ ಹುಟ್ಟಿಸುವ ಶಾಖವೇ ಹೆಚ್ಚುಕಡಿಮೆ 100 ವಾಟ್. ಅದಕ್ಕೆ ಅರ್ಧದಷ್ಟು ಹೊರಗಿನಿಂದ ಸೇರಿದಂತಾಯಿತು. ಇದು ದಕ್ಕಬೇಕಾದರೆ ವೆಸ್ಟ್ ಮೈಗೆ ಅಂಟಿದಂತಿರಬೇಕು: ಒಳಗೆ ಒಂದೇ ತೆಳು ಬನಿಯನ್, ಹೊರಗೆ ಗಾಳಿ ನುಗ್ಗದ ಜಾಕೆಟ್. ದೊಗಳೆ ಸ್ವೆಟರಿನ ಮೇಲೆ ತೊಟ್ಟರೆ ಮೈಗಿಂತ ಹೆಚ್ಚು ಜಾಕೆಟ್ಟೇ ಬಿಸಿಯಾಗುತ್ತದೆ. ಚಳಿ ಹಿಡಿಯುವ ಮುನ್ನವೇ ಸ್ವಿಚ್ ಹಾಕುವುದು ಲೇಸು. ಒಮ್ಮೆ ಮುಚ್ಚಿದ ರಕ್ತನಾಳ ತೆರೆಯಲು ಹೊತ್ತು ಹಿಡಿಯುತ್ತದೆ. ಶಾಖ ಹೆಚ್ಚುಕಡಿಮೆ ಮಾಡುವ ಗುಬ್ಬಿ ಒಳಗಿಂದೊಳಗೆ ಕರೆಂಟನ್ನು ಹಾಕಿ ತೆಗೆದು ಮಾಡುತ್ತಿರುತ್ತದೆ, ಹಾಗಾಗಿ ವಿದ್ಯುತ್ ಪೋಲಾಗದು.

ಈ ಬಟ್ಟೆಯ ಪೂರ್ವಜರು ಯುದ್ಧವಿಮಾನದವರು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಬಾಂಬರ್‌ಗಳ ತೆರೆದ ಕಿಟಕಿಯಲ್ಲಿ ಬಂದೂಕು ಹಿಡಿದವರು ಮೈನಸ್ 40 ಡಿಗ್ರಿಯಲ್ಲಿ ನಿಲ್ಲಬೇಕಿತ್ತು. ಮೊದಲ ವಿದ್ಯುತ್ ಉಡುಪಿನಲ್ಲಿ ಕೈ, ಕಾಲು, ಮೈಗಳ ವೈರೆಲ್ಲ ಸರಣಿಯಲ್ಲಿದ್ದವು. ಒಂದು ಬೂಟಿನ ಎಳೆ ತುಂಡಾದರೆ ಇಡೀ ಉಡುಪು ತಣ್ಣಗೆ! ಆಮೇಲೆ ಅವನ್ನು ಸಮಾಂತರ ಜೋಡಣೆಗೆ ಬದಲಾಯಿಸಿದರು.

ಒಂದು ಎಚ್ಚರ ಬೇಕು. ಕೇವಲ 44 ಡಿಗ್ರಿ ಬಿಸಿಯೂ ಚರ್ಮಕ್ಕೆ ಒತ್ತಿಕೊಂಡು ಆರೇಳು ಗಂಟೆ ಇದ್ದರೆ ಸುಟ್ಟ ಗಾಯ ಮಾಡಬಲ್ಲದು. ಜೋಮು ಹಿಡಿದ ಚರ್ಮಕ್ಕೆ ಅದು ಗೊತ್ತೇ ಆಗುವುದಿಲ್ಲ. ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಮಂದವಾದವರು ಇನ್ನೂ ಜಾಗ್ರತೆ ವಹಿಸಬೇಕು.

ಉಳಿದದ್ದು ಬೈಕಿನ ಜೇಬಿನ ಲೆಕ್ಕ. ವೆಸ್ಟಿಗೆ 50, ಗ್ರಿಪ್ಪಿಗೆ 35, ಗ್ಲೌಸಿಗೆ 25 ಎಂದರೂ 110 ವಾಟ್. 14 ವೋಲ್ಟಿನಲ್ಲಿ ಸುಮಾರು 8 ಆಂಪಿಯರ್. ದೂರ ಪ್ರಯಾಣದ ದೊಡ್ಡ ಬೈಕುಗಳ ಆಲ್ಟರ್ನೇಟರಿಗೆ ಇದು ಲೆಕ್ಕಕ್ಕಿಲ್ಲ. ಸಣ್ಣ ಬೈಕುಗಳಲ್ಲಿ ದೀಪ, ಇಗ್ನಿಷನ್‌ಗೆ ಹೋಗಿ ಮಿಗುವುದೇ ಕಡಿಮೆ, ಸಿಗ್ನಲ್ಲಿನಲ್ಲಿ ಎಂಜಿನ್ ನಿಧಾನಕ್ಕೆ ಗುರುಗುಟ್ಟುವಾಗ ಇನ್ನೂ ಕಡಿಮೆ. ಹಳೆಯ 55 ವಾಟ್ ಹೆಡ್‌ಲೈಟ್ ತೆಗೆದು ಎಲ್‌ಇಡಿ ಹಾಕಿಸಿದರೆ ಒಂದಿಷ್ಟು ಉಳಿಯುತ್ತದೆ. ಹ್ಯಾಂಡಲ್ ಮೇಲೊಂದು ಪುಟ್ಟ ವೋಲ್ಟ್‌ಮೀಟರ್ ಇದ್ದರೆ ಒಳ್ಳೆಯದು. ಓಡುತ್ತಿರುವಾಗ ಮುಳ್ಳು 13ರ ಕೆಳಗೇ ನಿಂತರೆ ಬ್ಯಾಟರಿ ಖಾಲಿಯಾಗುತ್ತಿದೆ ಎಂದರ್ಥ. ಆಗ ಮೊದಲು ಗ್ರಿಪ್ ಆರಿಸಿ, ಆಮೇಲೆ ಗ್ಲೌಸ್; ವೆಸ್ಟಿನ ಸ್ವಿಚ್ಚಿಗೆ ಕೈ ಹಾಕುವುದು ಎಲ್ಲಕ್ಕಿಂತ ಕೊನೆಗೆ.