ಮೀಟರ್ ಕತ್ತಲಾದರೆ ಗಾಡಿಯ ಹಿಂದೆ ಹೋಗಿ ನೋಡಿ

“ಅಣ್ಣಾರ, ಮೀಟರ್ ಲೈಟ್ ಹತ್ತವಲ್ದು. ಒಂದೀಟು ನೋಡ್ರಿ.”

ಕಳೆದ ಕಬ್ಬಿನ ಹಂಗಾಮಿನಲ್ಲಿ ಒಂದು ಸಂಜೆ ಪಾಲಬಾವಿಯ ನನ್ನ ವೈರಿಂಗ್ ಅಂಗಡಿಯ ಮುಂದೆ ಕಾರು ನಿಲ್ಲಿಸಿದ ಮಾಸ್ತರರ ಮಾತಿದು. ಜೊತೆಗೆ ಅವರ ಮಗನೂ ಇದ್ದ. ನಾಲ್ಕು ದಿನದಿಂದ ಹೀಗೇ ಇದೆಯಂತೆ. ರಾತ್ರಿ ಹಾರೂಗೇರಿಯಿಂದ ಬರುವಾಗ ಹುಡುಗ ಮೊಬೈಲ್ ಟಾರ್ಚ್ ಹಿಡಿದು ಅಪ್ಪನಿಗೆ ಸ್ಪೀಡ್ ತೋರಿಸುತ್ತಿದ್ದನಂತೆ.

ನಾನು ಡ್ಯಾಶ್‌ಬೋರ್ಡ್ ಮುಟ್ಟಲಿಲ್ಲ. “ಸಣ್ಣ ಲೈಟ್ ಹಾಕ್ರಿ ಸರ್” ಎಂದು ಹೇಳಿ ಗಾಡಿಯ ಹಿಂದಕ್ಕೆ ಹೋದೆ. ಎರಡೂ ಕೆಂಪು ದೀಪ ಹತ್ತಿರಲಿಲ್ಲ, ನಂಬರ್ ಪ್ಲೇಟಿನ ದೀಪವೂ ಇಲ್ಲ. ಹೆಡ್‌ಲೈಟ್ ಚೆನ್ನಾಗಿಯೇ ಇದ್ದುದರಿಂದ ಮಾಸ್ತರರಿಗೆ ಸಂಶಯವೇ ಬಂದಿರಲಿಲ್ಲ. ರಸ್ತೆ ತುಂಬ ಕಬ್ಬಿನ ಟ್ರ್ಯಾಕ್ಟರು ಓಡುವ ದಿನಗಳಲ್ಲಿ ನಾಲ್ಕು ರಾತ್ರಿ ಅಪ್ಪ ಮಗ ಹಿಂದಿನವರ ಕಣ್ಣಿಗೆ ಕಾಣದ ಗಾಡಿಯಲ್ಲಿ ತಿರುಗಾಡಿದ್ದರು.

ಬಹಳಷ್ಟು ಕಾರುಗಳಲ್ಲಿ ಮೀಟರಿನ ಒಳಬೆಳಕು, ಹಿಂದಿನ ಕೆಂಪು ದೀಪ, ನಂಬರ್ ಪ್ಲೇಟಿನ ದೀಪ ಮೂರಕ್ಕೂ ಕರೆಂಟ್ ಬರುವುದು ಒಂದೇ ಫ್ಯೂಜಿನಿಂದ. ಅದು ಸುಟ್ಟರೆ ಮೂರೂ ಆರುತ್ತವೆ. ಡ್ರೈವರಿಗೆ ಕಾಣುವುದು ಕಣ್ಣೆದುರಿನ ಕತ್ತಲೆ ಮಾತ್ರ. ಬ್ರೇಕ್ ದೀಪದ ದಾರಿ ಬೇರೆ. ಬ್ರೇಕ್ ಒತ್ತಿದಾಗ ಅದು ಹತ್ತಿತೆಂದು ಸಮಾಧಾನ ಮಾಡಿಕೊಳ್ಳಬೇಡಿ. ರಾತ್ರಿ ಕಾರಿನ ಹಿಂದಿನ ಕೆಂಪು ದೀಪ 155 ಮೀಟರ್ ದೂರಕ್ಕೆ ಕಾಣಬೇಕು ಎನ್ನುತ್ತವೆ 1989ರ ಕೇಂದ್ರ ಮೋಟಾರು ವಾಹನ ನಿಯಮಗಳು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬರುವವನು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಕ್ರಮಿಸುತ್ತಾನೆ. 155 ಮೀಟರ್ ಅಂದರೆ ಅವನ ಕೈಯಲ್ಲಿರುವುದು ಸುಮಾರು ಒಂಬತ್ತು ಸೆಕೆಂಡು. ದೀಪವೇ ಇಲ್ಲದಿದ್ದರೆ ಅಷ್ಟೂ ಇಲ್ಲ. ಅದಕ್ಕೇ ಈ ಸಣ್ಣ ತೊಂದರೆಯನ್ನು ನಾನು ಸಣ್ಣದೆಂದು ತಿಳಿಯುವುದಿಲ್ಲ.

ಹಿಂದಿನ ದೀಪ ಸರಿಯಿದ್ದು ಮೀಟರ್ ಮಾತ್ರ ಕತ್ತಲಿದ್ದರೆ, ಮೊದಲು ಬೆಳಕು ಹೆಚ್ಚುಕಡಿಮೆ ಮಾಡುವ ಗುಂಡಿ ನೋಡಿ. ಒಳಗೆ ಒರೆಸುವಾಗ ಬಟ್ಟೆ ತಾಗಿ ತಿರುಗಿ ಕೆಳಗಿಳಿದಿರುತ್ತದೆ. ಎಷ್ಟೋ ಗಾಡಿಗಳಿಗೆ ಇಷ್ಟೇ ರಿಪೇರಿ, ದುಡ್ಡು ತೆಗೆದುಕೊಳ್ಳಲು ನನಗೆ ಮನಸ್ಸಾಗುವುದಿಲ್ಲ.

ಆಮೇಲೆ ಇಂಜಿನ್ ಚಾಲೂ ಮಾಡದೆ ಚಾವಿ ಮಾತ್ರ ತಿರುಗಿಸಿ. ಬ್ಯಾಟರಿ, ಆಯಿಲ್, ಇಂಜಿನ್ ಚಿಹ್ನೆಗಳು ಹತ್ತಬೇಕು. ಅವು ಹತ್ತಿದರೆ ಮೀಟರಿಗೆ ಜೀವ ಇದೆ, ಕೆಟ್ಟಿರುವುದು ಬೆಳಕಿನ ಭಾಗ ಮಾತ್ರ. ಹಳೆಯ ಗಾಡಿಗಳಲ್ಲಿ ಅದು ಸಣ್ಣ ಬಲ್ಬು. ಹೊಸವುಗಳಲ್ಲಿ ಎಲ್‌ಇಡಿ, ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಚಿಹ್ನೆಗಳೂ ಹತ್ತದೆ, ಮುಳ್ಳೂ ಏಳದಿದ್ದರೆ ಮೀಟರಿನ ಫ್ಯೂಜ್, ಇಲ್ಲವೇ ಅರ್ಥಿಂಗ್ ವೈರ್, ಇಲ್ಲವೇ ಬ್ಯಾಟರಿ. ನಿಂತ ಗಾಡಿಯ ಒಳ್ಳೆಯ ಬ್ಯಾಟರಿ 12.6 ವೋಲ್ಟ್ ತೋರಿಸುತ್ತದೆ, 12.2 ಅಂದರೆ ಅರ್ಧ ಖಾಲಿ. ಇಂಜಿನ್ ಓಡುವಾಗ 14ರ ಆಸುಪಾಸು ಬರದಿದ್ದರೆ ಆಲ್ಟರ್ನೇಟರ್ ನೋಡಬೇಕು. ಟರ್ಮಿನಲ್ ಮೇಲೆ ಬಿಳಿ ಹಸಿರು ಪುಡಿ ಕೂತಿದ್ದರೆ ಬಿಚ್ಚಿ, ಸೋಡಾ ಬೆರೆಸಿದ ಬಿಸಿ ನೀರಿನಿಂದ ತೊಳೆದು, ಒಣಗಿಸಿ, ಬಿಗಿಯಾಗಿ ಕೂಡಿಸಿ.

ಹಾಡಿನ ಟಚ್ ಸ್ಕ್ರೀನ್ ಕತ್ತಲಾಗುವುದು ಬೇರೆ ಬಾಬತ್ತು. ಟಾರ್ಚನ್ನು ಸ್ಕ್ರೀನಿಗೆ ಓರೆಯಾಗಿ ಹಿಡಿದು ನೋಡಿ. ಮಸುಕಾಗಿ ಚಿತ್ರ ಕಂಡರೆ ಒಳಗೆ ಎಲ್ಲ ನಡೆಯುತ್ತಿದೆ, ಹಿಂಬದಿಯ ಬೆಳಕು ಮಾತ್ರ ಹೋಗಿದೆ. ಏನೂ ಕಾಣದೆ ಸದ್ದೂ ಬರದಿದ್ದರೆ ಕರೆಂಟ್ ಬರುತ್ತಿಲ್ಲ. ಹೊರಗಿನಿಂದ ತಂದು ಕೂಡಿಸಿದ ಸ್ಕ್ರೀನುಗಳಲ್ಲಿ ಸಾಮಾನ್ಯವಾಗಿ ಹಳದಿ ವೈರಿಗೆ ಸದಾ 12 ವೋಲ್ಟ್, ಕೆಂಪಿಗೆ ಚಾವಿ ತಿರುಗಿಸಿದಾಗ 12 ವೋಲ್ಟ್ ಬರಬೇಕು; ಕಪ್ಪು ಅರ್ಥಿಂಗ್. ಸ್ಟೇರಿಂಗ್ ಸುತ್ತಮುತ್ತ ಮಾತ್ರ ನೀವಾಗಿ ಕೈ ಹಾಕಬೇಡಿ, ಅಲ್ಲಿ ಏರ್‌ಬ್ಯಾಗ್ ಇರುತ್ತದೆ.

ಹೊಸ ಗಾಡಿಗಳಲ್ಲಿ ಮೀಟರ್ ಕತ್ತಲಾಗುವುದರ ತದ್ವಿರುದ್ಧ ಅಪಾಯವೊಂದಿದೆ. ಮೀಟರ್ ಸ್ಕ್ರೀನ್ ಹಗಲೂ ರಾತ್ರಿ ಬೆಳಗುತ್ತದೆ, ಮುಂದೆ ಹಗಲುದೀಪ ತಾನಾಗಿಯೇ ಹತ್ತಿರುತ್ತದೆ. ಲೈಟ್ ಹಾಕಿದ್ದೇನೆಂದೇ ಡ್ರೈವರ್ ನಂಬುತ್ತಾನೆ, ಹಿಂದೆ ಕತ್ತಲೆ. ಕೆನಡಾ ದೇಶ ಇದನ್ನು ತಡೆಯಲು 2021ರ ಸೆಪ್ಟೆಂಬರಿನಿಂದ ಹೊಸ ಗಾಡಿಗಳಿಗೆ ನಿಯಮ ಮಾಡಿತು: ಹಿಂದಿನ ದೀಪವೂ ಹತ್ತಿರಬೇಕು, ಇಲ್ಲವೇ ದೀಪ ತಾನಾಗಿ ಹತ್ತಬೇಕು, ಅದೂ ಇಲ್ಲವಾದರೆ ಮೀಟರ್ ಕತ್ತಲಾಗಿಯೇ ಇರಬೇಕು. ಮೀಟರಿನ ಕತ್ತಲೆ ಡ್ರೈವರಿಗೆ ಒಂದು ಎಚ್ಚರಿಕೆ ಎಂಬುದನ್ನು ಅವರು ಕಾನೂನಿನಲ್ಲೇ ಬರೆದರು. ಓದಿ ನನಗೆ ಬಹಳ ಸಂತೋಷವಾಯಿತು.

ಮಾಸ್ತರರ ಕಾರಿಗೆ ಬರುತ್ತೇನೆ. ಟೇಲ್ ಫ್ಯೂಜ್ ಸುಟ್ಟಿತ್ತು. 10 ಆಂಪಿಯರಿನ ಕೆಂಪು ಫ್ಯೂಜ್ ಹೊಸದು ಹಾಕಿದೆ, ಸ್ವಿಚ್ ಒತ್ತಿದ ಕೂಡಲೇ ಅದೂ ಹೋಯಿತು. “20ರ ಹಳದಿ ಹಾಕಿಬಿಡ್ರಿ, ತಡೀತೈತಿ” ಅಂದರು ಪಕ್ಕದಲ್ಲಿ ನಿಂತಿದ್ದ ಒಬ್ಬರು. ಹಾಗೆ ಮಾತ್ರ ಮಾಡಬಾರದು. ಫ್ಯೂಜ್ ಸುಡುವುದು ವೈರ್ ಸುಡಬಾರದೆಂದು. ದಪ್ಪ ಫ್ಯೂಜ್ ಹಾಕಿದರೆ, ತಾಮ್ರದ ಎಳೆ ಸುತ್ತಿದರೆ, ಮುಂದೆ ಬೆಂಕಿ ಹತ್ತುವುದು ವೈರಿಗೇ.

ಎಲ್ಲೋ ವೈರ್ ಬಾಡಿಗೆ ತಾಗುತ್ತಿತ್ತು. ಕಬ್ಬು ಕಡಿದು ಹೊಲ ಬೋಳಾದ ಮೇಲೆ ಇಲಿಗಳು ಮನೆಯ ಕಡೆ ಬಂದು ಬಾನೆಟ್ ಒಳಗೆ ಬೆಚ್ಚಗೆ ಸೇರಿಕೊಳ್ಳುತ್ತವೆ, ವೈರ್ ಕಡಿಯುತ್ತವೆ. ಅಲ್ಲಿ ಹುಡುಕಿದೆ, ಎಲ್ಲ ಸರಿಯಿತ್ತು. ಕೊನೆಗೆ ಡಿಕ್ಕಿ ತೆರೆದೆ. ಮುಚ್ಚಳದ ಬಿಜಾಗರಿಯ ಹತ್ತಿರ ನಂಬರ್ ಪ್ಲೇಟಿನ ದೀಪಕ್ಕೆ ಹೋಗುವ ವೈರ್, ತೆರೆದು ಮುಚ್ಚಿ ಸವೆದು, ತಾಮ್ರ ಬಿಟ್ಟುಕೊಂಡು ತಗಡಿಗೆ ಒತ್ತಿಕೊಂಡಿತ್ತು. ಮುಂದಿನ ಮೀಟರ್ ಆರಿಸಿದ್ದು ಹಿಂದಿನ ಡಿಕ್ಕಿಯ ಒಂದು ವೈರ್. ಸವೆದಷ್ಟು ಕತ್ತರಿಸಿ, ಹೊಸ ತುಂಡು ಬೆಸೆದು, ಟೇಪ್ ಸುತ್ತಿ, ರಬ್ಬರ್ ಕೊಳವೆಯೊಳಗೆ ಸೇರಿಸಿದೆ. ಮತ್ತೆ 10ರ ಫ್ಯೂಜ್.

ಮಾಸ್ತರರು ಸ್ವಿಚ್ ಹಾಕಿ ಮೀಟರ್ ಕಡೆ ಬೆರಳು ಮಾಡಿ ನಕ್ಕರು. ಹುಡುಗ ಆಗಲೇ ಇಳಿದು ಹಿಂದೆ ಓಡಿದ್ದ.

“ಪಪ್ಪಾ, ಎರಡೂ ಹತ್ಯಾವ!”