'ದಿ ಲೇಡಿ ವ್ಯಾನಿಷಸ್': ಅಳಿಯುವ ಬರಹ, ಉಳಿಯುವ ಧಾಟಿ

ಆಲ್‌ಫ್ರೆಡ್ ಹಿಚ್‌ಕಾಕ್ ನಿರ್ದೇಶನದ 'ದಿ ಲೇಡಿ ವ್ಯಾನಿಷಸ್' (1938) ಚಿತ್ರವನ್ನು ಗೂಢಚಾರ ಕಥನದ ಒಂದು ಮಾದರಿಯೆಂದು ಪರಿಗಣಿಸುವುದು ವಾಡಿಕೆ. ಓಡುತ್ತಿರುವ ರೈಲಿನಲ್ಲಿ ಮಿಸ್ ಫ್ರಾಯ್ ಎಂಬ ವೃದ್ಧೆ ಕಣ್ಮರೆಯಾಗುತ್ತಾಳೆ. ಆಕೆಯನ್ನು ಕಂಡಿದ್ದವರೇ ಅಂಥವಳೊಬ್ಬಳು ಇರಲೇ ಇಲ್ಲವೆನ್ನುತ್ತಾರೆ. ಐರಿಸ್ ಎಂಬ ಯುವತಿಯೊಬ್ಬಳು ಮಾತ್ರ ಪಟ್ಟು ಬಿಡುವುದಿಲ್ಲ. ಒಬ್ಬ ವ್ಯಕ್ತಿ ಇದ್ದಳೆಂಬುದಕ್ಕೆ ಸಾಕ್ಷ್ಯ ಉಳಿಯುವುದೆಲ್ಲಿ, ಬರಹದಲ್ಲೋ ನೆನಪಿನಲ್ಲೋ ಎಂಬ ಪ್ರಶ್ನೆಯ ಮೂಲಕ ಈ ಚಿತ್ರವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಚಿತ್ರಕ್ಕೆ ಆಧಾರ ಎಥೆಲ್ ಲೀನಾ ವೈಟ್ ಅವರ 'ದಿ ವ್ಹೀಲ್ ಸ್ಪಿನ್ಸ್' (1936) ಕಾದಂಬರಿ. ಚಿತ್ರಕಥೆ ಬರೆದ ಸಿಡ್ನಿ ಗಿಲಿಯಟ್ ಮತ್ತು ಫ್ರಾಂಕ್ ಲಾಂಡರ್ ಮೂಲದಲ್ಲಿ ಮಾಡಿಕೊಂಡ ಎರಡು ಮಾರ್ಪಾಡುಗಳು ಇಲ್ಲಿ ಮುಖ್ಯ. ಕಾದಂಬರಿಯ ಮಿಸ್ ಫ್ರಾಯ್ ಗೂಢಚಾರಿಣಿಯಲ್ಲ, ಏನೂ ಅರಿಯದ ಶಿಕ್ಷಕಿ. ನಾಯಕಿಗೆ ನೆರವಾಗುವ ತರುಣನು ಅಲ್ಲಿ ಎಂಜಿನಿಯರ್. ಚಿತ್ರದಲ್ಲಾದರೋ ಆಕೆ ಬ್ರಿಟನ್ನಿನ ಗೂಢಚಾರಿಣಿ. ತರುಣ ಗಿಲ್ಬರ್ಟ್ ಬಾಂಡ್ರಿಕಾ ಎಂಬ ಕಲ್ಪಿತ ದೇಶದ ಜನಪದ ಕುಣಿತ, ಸಂಗೀತಗಳನ್ನು ದಾಖಲಿಸುತ್ತಿರುವ ಸಂಗ್ರಾಹಕ. ಎರಡು ರಾಷ್ಟ್ರಗಳ ನಡುವಿನ ಗುಪ್ತ ಒಪ್ಪಂದದ ಮಹತ್ವದ ಅಂಶ ಕಾಗದದಲ್ಲಿಲ್ಲ, ಒಂದು ಹಾಡಿನ ಧಾಟಿಯಲ್ಲಿದೆ. ಕಿಟಕಿಯ ಕೆಳಗೆ ನಿಂತು ಅದನ್ನು ಹಾಡಿದ ಗಾಯಕನನ್ನು ಕತ್ತು ಹಿಸುಕಿ ಕೊಲ್ಲಲಾಗುತ್ತದೆ. ಆ ಹೊತ್ತಿಗೆ ಧಾಟಿ ಮಿಸ್ ಫ್ರಾಯ್‌ಳ ಕಿವಿಗೆ ಬಿದ್ದಿರುತ್ತದೆ.

ಇದಕ್ಕೆ ಪ್ರತಿಯಾಗಿ ಚಿತ್ರದಲ್ಲಿ ಬರಹದ ಗತಿಯೇನು? ರೈಲಿನ ಸಿಳ್ಳಿನಲ್ಲಿ ತನ್ನ ಹೆಸರು ಕೇಳಿಸದೆ ಹೋದಾಗ ಮಿಸ್ ಫ್ರಾಯ್ ಅದನ್ನು ಊಟದ ಬೋಗಿಯ ಕಿಟಕಿ ಗಾಜಿನ ಮೇಲೆ ಬೆರಳಿನಿಂದ ಬರೆದು ತೋರಿಸುತ್ತಾಳೆ. ಮುಂದೆ ಐರಿಸ್ ಆ ಅಕ್ಷರಗಳನ್ನು ಗುರುತಿಸುವಷ್ಟರಲ್ಲಿ ರೈಲು ಸುರಂಗವನ್ನು ಹೊಗುತ್ತದೆ. ಹೊರಬರುವಾಗ ಗಾಜಿನ ಮೇಲೆ ಏನೂ ಇಲ್ಲ. ಗಿಲ್ಬರ್ಟನ ಸಂದೇಹ ನೀಗುವುದು ಮತ್ತೊಂದು ಕಿಟಕಿಗೆ ಕ್ಷಣಕಾಲ ಅಂಟಿ ಹಾರಿಹೋಗುವ ಚಹಾ ಪೊಟ್ಟಣದ ಚೀಟಿಯಿಂದ. ಅಡುಗೆಯವನು ಹೊರಗೆ ಸುರಿದ ಕಸದಿಂದ ಬಂದ ಚೀಟಿ ಅದು! ಲಂಡನ್ನಿನ ಇಸ್ಲಿಂಗ್ಟನ್ ಸ್ಟುಡಿಯೋದಲ್ಲಿ ಸುಮಾರು 90 ಅಡಿ ಉದ್ದದ ಇಕ್ಕಟ್ಟಾದ ಸೆಟ್‌ನಲ್ಲಿ ಚಿತ್ರ ತಯಾರಾಯಿತು. ಆ ಇಕ್ಕಟ್ಟಿನಲ್ಲಿ ಕಿಟಕಿಯ ಗಾಜೇ ಹಲಗೆಯೂ ಹೌದು, ಹಲಗೆಯೊರೆಸುವ ಬಟ್ಟೆಯೂ ಹೌದು.

ಬರಹ ಅಳಿಸಿದರೆ ಕಂಡವರ ಮಾತಾದರೂ ಉಳಿಯಬೇಕಷ್ಟೆ. ಅದೂ ಉಳಿಯುವುದಿಲ್ಲ. ಮ್ಯಾಂಚೆಸ್ಟರ್‌ನ ಕ್ರಿಕೆಟ್ ಟೆಸ್ಟ್ ತಪ್ಪೀತೆಂದು ಚಾರ್ಟರ್ಸ್, ಕಾಲ್ಡಿಕಾಟ್ ಎಂಬಿಬ್ಬರು ಬಾಯಿ ಬಿಡುವುದಿಲ್ಲ. ಪ್ರೇಯಸಿಯೊಂದಿಗಿನ ಪ್ರಯಾಣ ಬಯಲಾದರೆ ತನ್ನ ಪದವಿಗೆ ಕುತ್ತೆಂದು ವಕೀಲ ಟಾಡ್‌ಹಂಟರ್ ಸುಳ್ಳು ಹೇಳುತ್ತಾನೆ. ಆ ಪ್ರೇಯಸಿಯಾದರೋ ಒಮ್ಮೆ ಕಂಡೆನೆಂದು ಒಪ್ಪಿ, ಅನಂತರ ಮಾತು ತಿರುಗಿಸುತ್ತಾಳೆ. ಇವರಾರೂ ಪಿತೂರಿಗಾರರಲ್ಲ ಎಂಬುದು ಗಮನಾರ್ಹ. ನಿಜವಾದ ಪಿತೂರಿಗಾರನಾದ ಡಾಕ್ಟರ್ ಹಾರ್ಟ್ಸ್ ಮಾಡಬೇಕಾದುದು ಇಷ್ಟೆ: ಐರಿಸ್‌ಳ ತಲೆಗೆ ಬಿದ್ದ ಪೆಟ್ಟನ್ನು ನೆಪವಾಗಿಸಿ ಆಕೆ ಕಂಡದ್ದನ್ನು ಭ್ರಮೆಯೆಂದು ಶಾಸ್ತ್ರೋಕ್ತವಾಗಿ ವಿವರಿಸುವುದು. ಸಜ್ಜನರ ಮೌನ ಅವನ ಉಳಿದ ಕೆಲಸವನ್ನು ಪೂರೈಸುತ್ತದೆ. ಕೊನೆಗೆ ಬಿಳಿಯ ಕರವಸ್ತ್ರ ಬೀಸುತ್ತ ಶರಣಾಗಲು ಇಳಿದ ಟಾಡ್‌ಹಂಟರ್ ಗುಂಡಿಗೆ ಬಲಿಯಾಗುತ್ತಾನೆ. 1938ರ ಸೆಪ್ಟೆಂಬರ್ ಕೊನೆಯ ಮ್ಯೂನಿಕ್ ಒಪ್ಪಂದದೊಂದಿಗೆ ಈ ದೃಶ್ಯವನ್ನು ಜೋಡಿಸಿ ಓದುವವರಿದ್ದಾರೆ. ಚಿತ್ರೀಕರಣ ಅದಕ್ಕೂ ಮೊದಲೇ ಮುಗಿದಿದ್ದುದರಿಂದ ಇದನ್ನು ಆ ಒಪ್ಪಂದದ ವ್ಯಾಖ್ಯಾನ ಎನ್ನಲಾಗದು. ಮಣಿದು ಬದುಕುವ ಮನೋಧರ್ಮವನ್ನು ಚಿತ್ರಕಥೆಗಾರರು ಮೊದಲೇ ಗುರುತಿಸಿದ್ದರು ಎನ್ನಬಹುದು.

ಹೀಗೆ ಅಕ್ಷರವೂ ಸಾಕ್ಷಿಗಳೂ ಕೈಕೊಟ್ಟಾಗ ಉಳಿಯುವುದು ಧಾಟಿಯೊಂದೇ. ತಪ್ಪಿಸಿಕೊಂಡು ಓಡುವ ಮುನ್ನ ಮಿಸ್ ಫ್ರಾಯ್ ಅದನ್ನು ಗಿಲ್ಬರ್ಟನಿಗೆ ಬಾಯಿಪಾಠ ಮಾಡಿಸುತ್ತಾಳೆ. ಸಂಗ್ರಾಹಕನಿಗೆ ಇದಕ್ಕಿಂತ ದೊಡ್ಡ ಹೊಣೆ ಬೇರೆ ಯಾವುದು? ದಾರಿಯುದ್ದಕ್ಕೂ ಅದನ್ನೇ ಗುನುಗುತ್ತ ಬಂದವನಿಗೆ ಲಂಡನ್ನಿನ ವಿದೇಶಾಂಗ ಕಚೇರಿಯಲ್ಲಿ ಅದು ಮರೆತೇಹೋಗುತ್ತದೆ. ಐರಿಸ್‌ಳನ್ನು ವರಿಸುವ ಸಂಭ್ರಮದಲ್ಲಿ ಅವನ ಬಾಯಿಗೆ ಬರುವುದು ಮೆಂಡೆಲ್ಸನ್ನನ ಮದುವೆಯ ಸಂಗೀತ! ಕ್ಷೇತ್ರಕಾರ್ಯ ಮಾಡಿದವರಿಗೆ ಈ ಸಂಕಟ ಅಪರಿಚಿತವೇನಲ್ಲ. ಅಷ್ಟರಲ್ಲಿ ಪಕ್ಕದ ಕೋಣೆಯಿಂದ ಪಿಯಾನೋದ ಮೇಲೆ ಅದೇ ಧಾಟಿ ಕೇಳಿಬರುತ್ತದೆ. ಬಾಗಿಲು ತೆರೆದರೆ, ನುಡಿಸುತ್ತಿರುವವಳು ಮಿಸ್ ಫ್ರಾಯ್.